ಪ್ರಾರ್ಥನೆ ಬಿಟ್ಟುಹೋಗಿದೆ, ಮತ್ತೆ ಶುರು ಮಾಡೋದು ಹೇಗೆ?

ರಾತ್ರಿಪಾಳಿ:
ಮೊದಲು ದಿನಾ ಎದ್ದ ಕೂಡಲೇ ಬೈಬಲ್ ಓದಿ ಪ್ರಾರ್ಥನೆ ಮಾಡುತ್ತಿದ್ದೆ. ಪಾಳಿ ಬದಲಾಯಿತು. ಒಂದು ದಿನ ತಪ್ಪಿತು, ಆಮೇಲೆ ಒಂದು ವಾರ, ಈಗ ಆರು ತಿಂಗಳು. ಭಾನುವಾರ ಆರಾಧನೆಗೆ ಹೋಗುತ್ತೇನೆ, ಅದೂ ಸುಮ್ನೆ ಕೂತು ಬರುವುದು. ಹೋದ ವಾರ ನಡುರಾತ್ರಿ ಗೆಳೆಯನ ಫೋನ್ ಬಂತು. ಅವನ ಅಪ್ಪ ಐಸಿಯುನಲ್ಲಿ. "ಒಂದು ಪ್ರಾರ್ಥನೆ ಮಾಡೋ" ಅಂದ. ಬಾಯಿಗೆ ಒಂದು ಮಾತೂ ಬರಲಿಲ್ಲ, "ಆಮೇಲೆ ಮಾಡ್ತೀನಿ" ಅಂತ ಹೇಳಿ ಫೋನಿಟ್ಟುಬಿಟ್ಟೆ. ಬೈಬಲಿನ ಮತ್ತಾಯ 25ರಲ್ಲಿ ಮದಲಿಂಗನಿಗಾಗಿ ದೀಪ ಹಿಡಿದು ಕಾಯುವ ಹತ್ತು ಕನ್ಯೆಯರ ಕಥೆ ಇದೆಯಲ್ಲ, ಅದರಲ್ಲಿ ಎಣ್ಣೆ ಸಾಲದೆ ಹೊರಗುಳಿದ ಐದು ಬುದ್ಧಿಯಿಲ್ಲದವರ ಜೊತೆ ಆರನೆಯವನು ನಾನೇ. ಹೀಗೆ ಬಿಟ್ಟು ಮತ್ತೆ ಹಿಡಿದವರು ಯಾರಾದರೂ ಇದ್ದೀರಾ?

ಹಳೇಚಪ್ಪಲಿ:
ಎರಡು ಸಲ ಬಿಟ್ಟು ಎರಡು ಸಲ ಹಿಡಿದವನು ನಾನು. ಆ ಕಥೆ ಇನ್ನೊಮ್ಮೆ ಓದಿ. ಮದಲಿಂಗ ಬರುವುದು ತಡವಾದಾಗ ಹತ್ತೂ ಜನ ತೂಕಡಿಸಿ ಮಲಗುತ್ತಾರೆ, ಬುದ್ಧಿವಂತೆಯರೂ ಸೇರಿ! ನಿದ್ದೆಗೆ ಅಲ್ಲಿ ಬೈಗುಳವೇ ಇಲ್ಲ.

ಆದರೆ ಎಣ್ಣೆಯನ್ನು ಒಂದೇ ಸಲಕ್ಕೆ ತುಂಬಿಸಲು ಹೋಗಬೇಡಿ. ನಾನು ಮೊದಲ ಸಲ ಏನು ಮಾಡಿದೆ ಗೊತ್ತಾ, ಬೈಬಲಿನ ಕೀರ್ತನೆಗಳ ಪುಸ್ತಕದಲ್ಲಿ ಇರುವುದು 150 ಕೀರ್ತನೆ, ದಿನಕ್ಕೆ 5 ಓದಿದರೆ 30 ದಿನಕ್ಕೆ ಮುಗಿಯುತ್ತದೆ ಅಂತ ಲೆಕ್ಕ ಹಾಕಿ ಕೂತೆ. 24ನೇ ದಿನ 119ನೇ ಕೀರ್ತನೆ ಬಂತು. 176 ವಚನ! ಅವತ್ತು ಮುಚ್ಚಿದ ಪುಸ್ತಕ ಮೂರು ತಿಂಗಳು ತೆರೆಯಲಿಲ್ಲ. ಎರಡನೇ ಸಲ ದಿನಕ್ಕೆ ಒಂದೇ ಕೀರ್ತನೆ, 119 ಬಂದಾಗ ದಿನಕ್ಕೆ ಎಂಟೇ ವಚನ. ಅದು ಇರುವುದೇ ಎಂಟೆಂಟು ವಚನದ 22 ತುಂಡಾಗಿ, ನಾನು ಗಮನಿಸಿರಲಿಲ್ಲ ಅಷ್ಟೇ. ಇನ್ನೊಂದು, ಗಡಿಯಾರಕ್ಕೆ ಕಟ್ಟಿಹಾಕಬೇಡಿ, ಪಾಳಿ ಬದಲಾದರೆ ಮತ್ತೆ ಹೋಯ್ತು. ಕೆಲಸದಿಂದ ಬಂದು ಶೂ ಬಿಚ್ಚಿದ ಮೇಲೆ, ಮೊಬೈಲ್ ಮುಟ್ಟುವ ಮುಂಚೆ ಅಂತ ಇಟ್ಟುಕೊಳ್ಳಿ.

ಮೂರನೇಬೆಂಚು:
ಅದೇ ಅಧ್ಯಾಯವನ್ನು ಕೊನೆ ತನಕ ಓದಿ ಸ್ವಾಮಿ. 31ನೇ ವಚನದಿಂದ, ಕೊನೆಯ ತೀರ್ಪಿನಲ್ಲಿ ಜನರನ್ನು ಕುರಿ, ಆಡುಗಳ ಹಾಗೆ ಬೇರೆ ಮಾಡುವ ಮಾತು ಬರುತ್ತದೆ. ಅಲ್ಲಿ ಎಣ್ಣೆಯ ಸುದ್ದಿಯೇ ಇಲ್ಲ, ಹಸಿದವನಿಗೆ ಊಟ ಕೊಟ್ಟೆಯಾ, ಕಾಯಿಲೆಯವನನ್ನು ನೋಡಿಕೊಂಡೆಯಾ ಅನ್ನೋದೇ ಲೆಕ್ಕ. ಗೆಳೆಯನ ಅಪ್ಪ ಇನ್ನೂ ಆಸ್ಪತ್ರೆಯಲ್ಲಿದ್ದಾರಾ? ಮಾತು ಹುಡುಕುತ್ತಾ ಕೂರುವ ಬದಲು ರಜೆ ಇರುವ ಒಂದು ರಾತ್ರಿ ಅಲ್ಲಿ ಹೋಗಿ ಕೂತುಬಿಡಿ. ಅವನು ಮನೆಗೆ ಹೋಗಿ ಸ್ನಾನ ಮಾಡಿ ಮಲಗಲಿ. ನಿಮಗೆ ಹೇಗೂ ರಾತ್ರಿ ಎಚ್ಚರವಿದ್ದು ಅಭ್ಯಾಸ ಅಲ್ವಾ?

ಹಳೇಚಪ್ಪಲಿ:
ಹೋಗಲಿ, ಖಂಡಿತ ಹೋಗಲಿ. ಆದರೆ ಬರೀ ಸೇವೆ ಮಾಡಿ ಒಳಗೆ ಒಣಗಿಹೋಗೋದೂ ಉಂಟು. ಒಂದು ವರ್ಷ ಸಭೆಯಲ್ಲಿ ಕುರ್ಚಿ ಜೋಡಿಸೋದರಿಂದ ಹಿಡಿದು ಬಾಗಿಲು ಹಾಕುವ ತನಕ ಎಲ್ಲಾ ನನ್ನದೇ ಕೆಲಸ, ಪ್ರಾರ್ಥನೆ ಮಾತ್ರ ಇಲ್ಲ. ಯಾರಾದರೂ ಥ್ಯಾಂಕ್ಸ್ ಹೇಳದಿದ್ದರೆ ಮನೆಗೆ ಬಂದು ಹೆಂಡತಿ ಮೇಲೆ ರೇಗುತ್ತಿದ್ದೆ.

ರಾತ್ರಿಪಾಳಿ:
ನಿನ್ನೆ ರಾತ್ರಿ ಹೋಗಿದ್ದೆ. ಗೆಳೆಯ ಜಾಸ್ತಿ ಮಾತಾಡಲಿಲ್ಲ, ಫೈಲು ಮತ್ತು ಚಾರ್ಜರ್ ನನ್ನ ಕೈಗಿಟ್ಟು ಹೊರಟ. ಬೆಳಗಿನ ಜಾವ ನಾಲ್ಕಕ್ಕೆ ಐಸಿಯು ಹೊರಗಿನ ಬೆಂಚಿನ ಮೇಲೆ ಒಂದು ಕೀರ್ತನೆ ಓದಿದೆ. 117. ಎರಡೇ ವಚನ ಇರೋದು, ಮೋಸ ಅನ್ನಬೇಡಿ.