ಅಪ್ಪನ ಕ್ಯಾಸೆಟ್ ಹಾಡು 5.1ರಲ್ಲಿ ಹಾಕಿದ್ರೆ ದನಿ ಬೆನ್ನ ಹಿಂದಿನಿಂದ ಬರ್ತಿದೆ, ಸೆಟ್ಟಿಂಗ್ ಹೇಗಿಡಬೇಕು?

ಕೇಳಿದವರು: ವಿದ್ಯಾನಗರ, ದಾವಣಗೆರೆ

ನಮ್ಮಪ್ಪ ನಾಟಕದ ಪೇಟಿ ಮಾಸ್ತರು. ಸುಗ್ಗಿ ಮುಗಿದ ಮೇಲೆ ಹಳ್ಳಿ ಹಳ್ಳಿಗೆ ಹೋಗಿ ನಾಟಕ ಕಲಿಸೋರು. ಅವರು ಮನೆಯಲ್ಲಿ ಪೇಟಿ ನುಡಿಸ್ತಾ ಹಾಡಿದ ರಂಗಗೀತೆಗಳ ಹನ್ನೊಂದು ಕ್ಯಾಸೆಟ್ ಉಳಿದಿವೆ. ಕೆಲವು ಗೆಳೆಯರೊಬ್ಬರ ಸ್ಟೀರಿಯೋ ಡೆಕ್‌ನಲ್ಲಿ ಎರಡು ಮೈಕ್ ಇಟ್ಟು ಮಾಡಿದವು, ಉಳಿದವು ಒಂದೇ ಸ್ಪೀಕರಿನ ಟೇಪ್ ರೆಕಾರ್ಡರಿನವು. ಒಂದು ಅಂಗಡಿಯಲ್ಲಿ ಎಲ್ಲವನ್ನೂ ಎಂಪಿ3 ಮಾಡಿಸಿದೆ.

ಹೋದ ತಿಂಗಳು ಡಾಲ್ಬಿ ಪ್ರೊಲಾಜಿಕ್ 2 (ಎರಡು ಚಾನೆಲ್ ಸದ್ದನ್ನು ಐದಕ್ಕೆ ಹಂಚೋ ವ್ಯವಸ್ಥೆ) ಇರೋ ಹಳೆಯ ಎವಿ ರಿಸೀವರ್, ಐದು ಸ್ಪೀಕರ್, ದಪ್ಪ ಸದ್ದಿಗೆ ಒಂದು ಸಬ್‌ವೂಫರ್, ಅಂದ್ರೆ 5.1 ಸೆಟ್, ತಂದು ಹಾಲ್‌ನಲ್ಲಿ ಜೋಡಿಸಿದೆ. ಅಪ್ಪನ ದನಿ ಮನೆ ತುಂಬ ಕೇಳಲಿ ಅನ್ನೋದೊಂದೇ ಆಸೆ. ಆದರೆ ಹಿಂದಿನ ಸ್ಪೀಕರುಗಳಲ್ಲಿ ಸುಸ್ ಅನ್ನೋ ಸದ್ದು, ಅರ್ಧ ದನಿ ಬೆನ್ನ ಹಿಂದೆ, ಸಬ್‌ವೂಫರಿನಲ್ಲಿ ಗುಂಯ್ ಅನ್ನೋ ಗದ್ದಲ. ಅವ್ವ ಎರಡು ನಿಮಿಷ ಕೇಳಿ, "ಯಾರೋ ಬಾವಿಯೊಳಗಿಂದ ಕೂಗಿದಂಗೈತೆ, ಇದು ನಿಮ್ಮಪ್ಪನ ದನಿ ಅಲ್ಲ ಬಿಡೋ" ಅಂದು ಒಳಗೆ ಹೋದ್ಲು. ಮೆನುವಿನಲ್ಲಿ ಪನೋರಮಾ, ಡೈಮೆನ್ಶನ್, ಸೆಂಟರ್ ವಿಡ್ತ್ ಅಂತ ಮೂರಿವೆ. ಎಲ್ಲಾ ತಿರುಗಿಸಿ ನೋಡಿದೆ, ಇನ್ನೂ ಕೆಟ್ಟಿತು. ಇದನ್ನು ಮಾಡಿ ಗೊತ್ತಿರೋರು ದಯವಿಟ್ಟು ಹೇಳಿ.

ಹೊಳಲ್ಕೆರೆ ರಸ್ತೆ, ಚಿತ್ರದುರ್ಗದಿಂದ

ಮೇಷ್ಟ್ರೇ, ನಾನು ಮೂವತ್ತು ವರ್ಷ ಟೇಪು, ಆಂಪ್ಲಿಫೈಯರ್ ರಿಪೇರಿ ಮಾಡ್ದೋನು. ರಿಸೀವರಿನ ಮೆನು ಆಮೇಲೆ ನೋಡೋಣ, ಮೊದಲು ಕ್ಯಾಸೆಟ್ಟಿಗೆ ಬರ್ರಿ.

ಎರಡು ಚಾನೆಲನ್ನ ಐದು ಮಾಡೋ ಯಂತ್ರಕ್ಕೆ ಇದು ದನಿ, ಇದು ಪೇಟಿ ಅಂತ ಗೊತ್ತಾಗಲ್ಲ. ಅದು ಎಡ ಬಲ ಎರಡನ್ನೂ ಹೋಲಿಸಿ ನೋಡುತ್ತೆ, ಅಷ್ಟೆ. ಎರಡರಲ್ಲೂ ಒಂದೇ ಹೊತ್ತಿಗೆ ಒಂದೇ ಥರ ಇರೋದು ಸೆಂಟರಿಗೆ ಹೋಗುತ್ತೆ. ಎಡದಿಂದ ಬಲವನ್ನ ಕಳೆದರೆ ಏನು ಉಳಿಯುತ್ತೋ ಅದು ಹಿಂದಕ್ಕೆ ಹೋಗುತ್ತೆ. ಒಳ್ಳೆ ರೆಕಾರ್ಡಿಂಗ್ ಆದ್ರೆ ಹಂಗೆ ಉಳಿಯೋದು ಕೋಣೆಯ ಮಾರ್ದನಿ, ಚಪ್ಪಾಳೆ. ಕ್ಯಾಸೆಟ್ಟಲ್ಲಿ ಎಡ ಟ್ರ್ಯಾಕಿನ ಸುಸ್ ಬೇರೆ, ಬಲದ್ದು ಬೇರೆ. ಕಳೆದರೂ ಅದು ಹೋಗಲ್ಲ, ಹಿಂದಿನ ಸ್ಪೀಕರಿಗೆ ಬಂದು ಕೂರುತ್ತೆ. ಊರಿಂದ ದೂರ ಇದ್ದಾಗ ನಮ್ಮ ಚಿತ್ರದುರ್ಗ ಆಕಾಶವಾಣಿಯ ಎಫ್‌ಎಂ ಸ್ಟೀರಿಯೋದಲ್ಲಿ ಸುಸ್ ಅಂತಿದ್ದು, ಮೋನೋ ಗುಂಡಿ ಒತ್ತಿದ ಕೂಡಲೇ ತಣ್ಣಗಾಗೋದನ್ನ ಕೇಳಿರ್ತೀರಿ. ಅಲ್ಲೂ ಗಲಾಟೆ ಜಾಸ್ತಿ ಇರೋದು ಈ ಕಳೆದು ಉಳಿಯೋ ಭಾಗದಲ್ಲೇ.

ಇನ್ನು ದನಿ ಯಾಕೆ ಹಿಂದಕ್ಕೆ ಹೋಗುತ್ತೆ ಅಂದ್ರೆ, ಕ್ಯಾಸೆಟ್ ಓಡೋದು ಸೆಕೆಂಡಿಗೆ 4.76 ಸೆಂಟಿಮೀಟರ್. 10,000 ಹರ್ಟ್ಸಿನ ಒಂದು ಅಲೆಗೆ ಟೇಪಿನ ಮೇಲೆ ಸಿಗೋ ಜಾಗ 5 ಮೈಕ್ರಾನಿಗಿಂತ ಕಮ್ಮಿ. ಟೇಪನ್ನ ಓದೋ ಹೆಡ್ ಕಣ್ಣಿಗೆ ಕಾಣದಷ್ಟು ಓರೆ ಆದ್ರೂ ಸಾಕು, ಎಡದ ಅಲೆಗೂ ಬಲದ ಅಲೆಗೂ ತಾಳ ತಪ್ಪುತ್ತೆ. ಆಗ ಅಪ್ಪಾಜಿಯವರ ದನಿಯ ದಪ್ಪ ಭಾಗ ಮುಂದೆ ನಿಲ್ಲುತ್ತೆ, 'ಸ', 'ಶ', 'ಚ' ಅಕ್ಷರದ ಚೂಪು ಹಿಂದಿನಿಂದ ಬರುತ್ತೆ. ಯಾವ ಮೆನುವಿನಿಂದಲೂ ಇದು ಸರಿ ಹೋಗಲ್ಲ.

ಮಾಡೋದು ಹಿಂಗೆ. ಒಳ್ಳೆ ಡೆಕ್ ಒಂದನ್ನ ಎರವಲು ತಗೊಳ್ರಿ. ಹೆಡ್ಡು, ಟೇಪನ್ನ ಒತ್ತಿ ಎಳೆಯೋ ರಬ್ಬರ್ ಗಾಲಿ (ಪಿಂಚ್ ರೋಲರ್) ಎರಡನ್ನೂ ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸ್ರಿ. ಹೆಡ್ಡಿನ ಒಂದು ಪಕ್ಕದ ಸ್ಕ್ರೂ ಕೆಳಗೆ ಸ್ಪ್ರಿಂಗ್ ಇರುತ್ತೆ, ಅದೇ ಅಡ್ಜಸ್ಟ್ ಮಾಡೋ ಸ್ಕ್ರೂ. ಕ್ಯಾಸೆಟ್ ಓಡ್ತಿರಲಿ, ಎರಡೂ ಚಾನೆಲ್ ಸೇರಿಸಿ ಮೋನೋದಲ್ಲಿ ಕೇಳ್ರಿ. ಸಣ್ಣ ಸ್ಕ್ರೂಡ್ರೈವರಿಂದ ಎಳ್ಳಷ್ಟು ಎಳ್ಳಷ್ಟೇ ತಿರುಗಿಸ್ರಿ, ಕಾಲು ಸುತ್ತು ದಾಟಬ್ಯಾಡ್ರಿ. ಪೇಟಿಯ ಮೇಲಿನ ಸ್ವರ, ದನಿಯ 'ಸ' ಯಾವಾಗ ಅತಿ ಚೊಕ್ಕ ಕೇಳುತ್ತೋ ಅಲ್ಲಿಗೆ ಬಿಡ್ರಿ. ರೆಕಾರ್ಡ್ ಮಾಡಿದ ಯಂತ್ರದ ಹೆಡ್ ಹೆಂಗಿತ್ತೋ ನಿಮ್ಮ ಹೆಡ್ ಹಂಗೆ ಕೂರಬೇಕು. ಅದಕ್ಕೇ ಒಂದು ಕ್ಯಾಸೆಟ್ಟಿಗೆ ಸರಿ ಬಂದದ್ದು ಇನ್ನೊಂದಕ್ಕೆ ಬರಲ್ಲ.

ಆಮೇಲೆ ಎಂಪಿ3 ಬೇಡ, ಸದ್ದಿನಲ್ಲಿ ಏನನ್ನೂ ಕಳೆಯದ ವೇವ್ ಅಥವಾ ಫ್ಲ್ಯಾಕ್ ಫೈಲಿನಲ್ಲಿ ಉಳಿಸ್ರಿ. ಜಾಗ ಉಳಿಸೋ ಎಂಪಿ3 ಜಾಯಿಂಟ್ ಸ್ಟೀರಿಯೋದಲ್ಲಿ ಎಡಬಲದ ವ್ಯತ್ಯಾಸಕ್ಕೇ ಕಮ್ಮಿ ಪಾಲು ಕೊಡುತ್ತೆ. ಇಯರ್‌ಫೋನಿನಲ್ಲಿ ಅದು ಗೊತ್ತಾಗಲ್ಲ. ಹಿಂದಿನ ಸ್ಪೀಕರಿಗೆ ಆ ವ್ಯತ್ಯಾಸ ಒಂದನ್ನೇ ಕಳಿಸಿದಾಗ ನೀರೊಳಗಿನ ಗುಳುಗುಳು ಬಯಲಾಗುತ್ತೆ.

ನಿಟುವಳ್ಳಿ, ದಾವಣಗೆರೆಯಿಂದ

ಹಿರಿಯರು ಹೇಳಿದ್ದು ಪೂರ್ತಿ ನಿಜ. ಒಂದು ಸೇರಿಸ್ತೀನಿ. ಡೆಕ್‌ನಿಂದ ಕಂಪ್ಯೂಟರಿಗೆ ಹೋಗೋ ಪಿನ್ನಿನಲ್ಲಿ ಅರ್ತ್ ಸಡಿಲ ಇದ್ದರೆ ಎಡಬಲಕ್ಕೆ ಸಮನಾಗಿರೋ ದನಿ ಮಾಯವಾಗುತ್ತೆ, ಉಳಿದದ್ದೆಲ್ಲಾ ಉಲ್ಟಾ ಆಗಿ ಹಿಂದಕ್ಕೆ ಹೋಗುತ್ತೆ. ನಾನು ಎರಡು ವಾರ ಸೆಟ್ಟಿಂಗ್ ತಿರುವಿದ ಮೇಲೆ ಗೊತ್ತಾದದ್ದು ಇದು. ಪಿನ್ ಅಲ್ಲಾಡಿಸಿ ನೋಡಿ. ಅಡಾಸಿಟಿ ಅನ್ನೋ ಸದ್ದು ತಿದ್ದೋ ಸಾಫ್ಟ್‌ವೇರಿನಲ್ಲಿ ಎಡ ಬಲ ಬೇರೆ ಮಾಡಿ, ಒಂದರ ಅಲೆಯನ್ನು ತಲೆಕೆಳಗು (ಇನ್ವರ್ಟ್) ಮಾಡಿ, ಎರಡನ್ನೂ ಮೋನೋಗೆ ಸೇರಿಸಿದರೆ ಹಿಂದಿನ ಸ್ಪೀಕರಿಗೆ ಏನು ಹೋಗುತ್ತೆ ಅನ್ನೋದು ಹೆಚ್ಚುಕಮ್ಮಿ ಮೊದಲೇ ಕೇಳುತ್ತೆ. ಅದರಲ್ಲಿ ಅಪ್ಪನ ದನಿ ಗಟ್ಟಿಯಾಗಿ ಕೇಳಿದರೆ ಮತ್ತೆ ಡೆಕ್ ಹತ್ತಿರ ಹೋಗಿ.

ಪಿ.ಜೆ. ಬಡಾವಣೆ, ದಾವಣಗೆರೆಯಿಂದ

ಸರ್, ಮೆನು ವಿಷಯ ನಾನು ಹೇಳ್ತೀನಿ. ನಮ್ಮ ಮನೆಯಲ್ಲೂ ಪ್ರೊಲಾಜಿಕ್ 2 ಇದೆ. ಮೊದಲು ಮೂವಿ ಬಿಟ್ಟು ಮ್ಯೂಸಿಕ್ ಮೋಡ್ ಹಾಕಿ, ಆ ಮೂರು ಸೆಟ್ಟಿಂಗ್ ಕೆಲಸ ಮಾಡೋದು ಅದರಲ್ಲೇ.

ಪನೋರಮಾ ಆಫ್ ಇರಲಿ. ಅದು ಮುಂದಿನ ಎಡಬಲವನ್ನು ಪಕ್ಕಕ್ಕೆ, ಹಿಂದಕ್ಕೆ ಸುತ್ತಿಸುತ್ತೆ. ವಾದ್ಯಮೇಳಕ್ಕೆ ಚೆನ್ನ, ಒಬ್ಬರೇ ಕೂತು ಹಾಡಿದ್ದಕ್ಕೆ ಅಲ್ಲ.

ಸೆಂಟರ್ ವಿಡ್ತ್ 0ಯಿಂದ 7ರವರೆಗೆ. 0 ಇಟ್ಟರೆ ದನಿ ಪೂರಾ ನಡುವಿನ ಸ್ಪೀಕರಿನಲ್ಲಿ, 7ಕ್ಕೆ ಇಟ್ಟರೆ ಸೆಂಟರ್ ಸುಮ್ಮನಾಗಿ ದನಿ ಎಡಬಲಕ್ಕೆ ಹಂಚಿಹೋಗುತ್ತೆ. ಸೆಂಟರ್ ಸ್ಪೀಕರ್ ಟಿವಿ ಕೆಳಗೆ ಇದ್ದು 0 ಇಟ್ಟಾಗ, ಹಾಡೋರು ನೆಲದ ಮೇಲೆ ಮಲಗಿ ಹಾಡಿದಂಗೆ ಕೇಳ್ತಿತ್ತು ನಮಗೆ. 3ಕ್ಕೆ ತಂದ ಮೇಲೆ ಎದ್ದು ಕೂತ ಹಾಗಾಯ್ತು. ಸೋಫಾದಲ್ಲಿ ಮೂವರು ಕೂತು ಕೇಳೋದಾದ್ರೆ 2, ಒಬ್ಬರೇ ನಡುವೆ ಕೂರೋದಾದ್ರೆ 4. ಇದಕ್ಕೆ ತುಂಬಾ ಹೊತ್ತು ಕೊಡಿ ಸರ್, ದನಿಗೆ ಮುಖ ಬರೋದು ಇಲ್ಲೇ.

ಡೈಮೆನ್ಶನ್ ಒಟ್ಟು ಸದ್ದನ್ನು ಮುಂದಕ್ಕೋ ಹಿಂದಕ್ಕೋ ಜರುಗಿಸುತ್ತೆ. ಕೆಲವು ಕಂಪನಿಯವರು −3ರಿಂದ +3 ಅಂತ ತೋರಿಸ್ತಾರೆ, ಕೆಲವರು 0ಯಿಂದ 6 ಅಂತ. ಅಂಕಿ ನಂಬಬೇಡಿ, ನಡುವಿನಿಂದ ಶುರು ಮಾಡಿ ಯಾವ ಕಡೆ ತಿರುಗಿಸಿದರೆ ಮುಂದೆ ಬರುತ್ತೆ ಅಂತ ಕಿವಿಯಿಂದ ನೋಡಿಕೊಳ್ಳಿ, ಆ ಕಡೆಗೆ ಒಂದು ಹೆಜ್ಜೆ ಸಾಕು.

2014ರ ನಂತರದ ಡಾಲ್ಬಿ ಅಟ್ಮಾಸ್ (ತಲೆ ಮೇಲಿನಿಂದಲೂ ಸದ್ದು ಕೊಡೋ) ರಿಸೀವರುಗಳಲ್ಲಿ ಪ್ರೊಲಾಜಿಕ್ ಬದಲು ಡಾಲ್ಬಿ ಸರೌಂಡ್ ಬಂತು. ಅದರಲ್ಲಿ ಸೆಂಟರ್ ಸ್ಪ್ರೆಡ್ ಅಂತ ಒಂದು ಆನ್-ಆಫ್ ಸಿಗುತ್ತೆ, ಇಷ್ಟು ನಾಜೂಕಾಗಿ ಹಂಚೋಕೆ ಆಗಲ್ಲ. ಹಳೆಯದು ಅಂತ ನಿಮ್ಮ ರಿಸೀವರ್ ಮಾರಬೇಡಿ.

ಹರಿಹರದಿಂದ

ಕೂರೋ ಜಾಗದಿಂದ ಪ್ರತಿ ಸ್ಪೀಕರಿಗೆ ಎಷ್ಟು ದೂರ ಅಂತ ಅಳೆದು ಮೆನುವಿನಲ್ಲಿ ಹಾಕಿದ್ದೀರಾ ಮೇಷ್ಟ್ರೇ? ಹತ್ತಿರ ಅಂತ ಬರೆದ ಸ್ಪೀಕರಿನ ಸದ್ದನ್ನು ರಿಸೀವರ್ ತಡ ಮಾಡಿ ಕಳಿಸುತ್ತೆ. ನಮ್ಮ ಕಡೆ ಹಾಲ್ ಚಿಕ್ಕದು, ಹಿಂದಿನ ಸ್ಪೀಕರ್ ಸೋಫಾ ತಲೆಗೇ ಅಂಟಿರುತ್ತೆ. ಸದ್ದು 34 ಸೆಂಟಿಮೀಟರ್ ಹೋಗೋಕೆ ಸುಮಾರು 1 ಮಿಲಿಸೆಕೆಂಡ್ ಬೇಕು. ಮುಂದಿನದು 3 ಮೀಟರ್, ಹಿಂದಿನದು 1 ಮೀಟರ್ ಇದ್ದು ಮೆನುವಿನಲ್ಲಿ ಎರಡಕ್ಕೂ ಒಂದೇ ದೂರ ಬರೆದಿದ್ದರೆ, ಹಿಂದಿನ ಸದ್ದು 6 ಮಿಲಿಸೆಕೆಂಡ್ ಮೊದಲೇ ಕಿವಿಗೆ ಬರುತ್ತೆ. ಮೊದಲು ಬಂದ ಕಡೆಗೇ ಕಿವಿ ತಿರುಗೋದು. ಅಳತೆ ಪಟ್ಟಿ ಹಿಡಿದು ಅಳೆದು ಹಾಕಿ. ನಾನಂತೂ ಹಿಂದಿನ ಸ್ಪೀಕರ್ ನಿಜಕ್ಕಿಂತ ಇನ್ನೂ ಒಂದು ಅಡಿ ಹತ್ತಿರ ಇದೆ ಅಂತ ಬರೆದು ಇನ್ನಷ್ಟು ತಡ ಮಾಡಿಸಿದೆ, ಅದರ ಮಟ್ಟವನ್ನು 3 ಡೆಸಿಬೆಲ್ ಇಳಿಸಿದೆ. ಟೈಲ್ಸ್ ನೆಲ, ಬರಿ ಗೋಡೆ ಇದ್ದರೆ ಒಂದು ಜಮಖಾನ ಹಾಸಿ.

ಚಿತ್ರದುರ್ಗದಿಂದ ಇನ್ನೊಬ್ಬರು

ಸಬ್‌ವೂಫರ್ ಗುಂಯ್ ಅನ್ನೋದಕ್ಕೆ. ಅಂಗಡಿಯವರು ಎಂಪಿ3 ಕೊಟ್ಟಿದ್ದಾರೋ, ಮೊದಲೇ 5.1 ಮಾಡಿದ ಫೈಲೂ ಕೊಟ್ಟಿದ್ದಾರೋ ನೋಡಿ. ನಾನು ಕಂಪ್ಯೂಟರಿನಲ್ಲೇ ಎಫ್‌ಎಫ್‌ಎಂಪೆಗ್ ಅನ್ನೋ ಸಾಫ್ಟ್‌ವೇರಿನ ಸರೌಂಡ್ ಫಿಲ್ಟರಿನಿಂದ ಮಾಡ್ತಿದ್ದೆ. ಅದರಲ್ಲಿ ಸಬ್‌ವೂಫರ್ ಚಾನೆಲಿನ ಎರಡು ಮಿತಿ ಮೊದಲೇ 128 ಮತ್ತು 256 ಹರ್ಟ್ಸ್ ಅಂತ ಇರುತ್ತೆ. ಗಂಡಸರ ದನಿಯ ಬುಡ ಇರೋದೇ ಅಲ್ಲಿ! ದನಿಯ ಎದೆಭಾಗವನ್ನು ಸಬ್‌ವೂಫರಿಗೂ ಸುರಿದಂಗಾಗುತ್ತೆ, ಮೇಲಾಗಿ ಆ ಚಾನೆಲನ್ನು ರಿಸೀವರ್ 10 ಡೆಸಿಬೆಲ್ ಏರಿಸಿ ನುಡಿಸುತ್ತೆ. ನಾನು ಆ ಚಾನೆಲನ್ನೇ ಆಫ್ ಮಾಡಿ, ರಿಸೀವರಿನ ಕ್ರಾಸ್‌ಓವರ್ (ಯಾವ ಹರ್ಟ್ಸಿನ ಕೆಳಗಿನ ಸದ್ದು ಸಬ್‌ವೂಫರಿಗೆ ಹೋಗಬೇಕು ಅನ್ನೋ ಗಡಿ) 80 ಹರ್ಟ್ಸಿಗೆ ಬಿಟ್ಟೆ. ಬರೀ ಎಂಪಿ3 ನುಡಿಸ್ತಿದ್ದರೆ ನಿಮಗೂ ಕ್ರಾಸ್‌ಓವರ್ ಮೇಲಕ್ಕೆ ಹೋಗಿರಬೇಕು, 150, 200 ಅಂತ ಇದ್ದರೆ ಇಳಿಸಿ. ಮತ್ತೆ, ಐದು ಮಾಡಿದ ಫೈಲನ್ನು ಮೂಲದ ಮೇಲೆ ಯಾವತ್ತೂ ಉಳಿಸಬೇಡಿ. ಮೂಲ ಎರಡು ಚಾನೆಲ್ ಬೇರೆ ಕಡೆ ಜೋಪಾನವಾಗಿರಲಿ.

ವಿದ್ಯಾನಗರ, ದಾವಣಗೆರೆ (ಕೇಳಿದವರು)

ಎಲ್ಲರಿಗೂ ನಮಸ್ಕಾರ. ಮೂರು ಭಾನುವಾರ ಇದರಲ್ಲೇ ಕಳೆದೆ. ಸಹೋದ್ಯೋಗಿ ಒಬ್ಬರ ಹತ್ತಿರ ಡೆಕ್ ಸಿಕ್ಕಿತು. ಹೆಡ್ ಒರೆಸಿದ ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ಸ್ಕ್ರೂ ಕಾಲು ಸುತ್ತಿನ ಅರ್ಧವೂ ಬೇಕಾಗಲಿಲ್ಲ, 'ಸ' ಥಟ್ಟನೆ ಮುಂದಕ್ಕೆ ಬಂತು. ಈಗ ಮ್ಯೂಸಿಕ್ ಮೋಡ್, ಪನೋರಮಾ ಆಫ್, ಸೆಂಟರ್ ವಿಡ್ತ್ 3, ಡೈಮೆನ್ಶನ್ ಮುಂದಕ್ಕೆ ಒಂದು. ಕ್ರಾಸ್‌ಓವರ್ 200 ಇತ್ತು, 80ಕ್ಕೆ ಇಳಿಸಿದೆ. ಹಿಂದಿನ ಸ್ಪೀಕರ್ ಅಳೆದರೆ 90 ಸೆಂಟಿಮೀಟರ್, ಮೆನುವಿನಲ್ಲಿ 3 ಮೀಟರ್ ಅಂತಿತ್ತು.

ಸ್ಟೀರಿಯೋದ ನಾಲ್ಕು ಕ್ಯಾಸೆಟ್ ಮುಗಿದಿವೆ. ಹಿಂದಿನಿಂದ ಈಗ ಬರೋದು ನಮ್ಮ ಹಳೇ ಮನೆಯ ಪಡಸಾಲೆಯ ಮಾರ್ದನಿ, ಒಂದು ಕಡೆ ಬಾಗಿಲು ಕಿರ್ರೆಂದದ್ದು. ಒಂದೇ ಸ್ಪೀಕರಿನ ಟೇಪಿನವನ್ನು ಮೋನೋ ಮಾಡಿದೆ, ಎಲ್ಲಾ ನಡುವಿನಿಂದಲೇ ಬರುತ್ತೆ, ಹಾಗೇ ಬಿಟ್ಟಿದ್ದೀನಿ.

ಅವ್ವನಿಗೆ ಹೇಳದೆ ಹಾಕಿದೆ. ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ಪದ ಶುರುವಾಗೋ ಮುಂಚೆ ಅಪ್ಪ ಪೇಟಿಯ ತಿದಿ ಒತ್ತಿ ಒಂದು ಸಲ ಗಂಟಲು ಸರಿ ಮಾಡಿಕೊಳ್ತಾರೆ. ಅದಕ್ಕೇ, "ಹ್ಞೂಂ, ಇವರೇ" ಅಂದಳು.

ಹೊಳಲ್ಕೆರೆ ರಸ್ತೆಯ ಹಿರಿಯರಿಗೆ ಒಂದು ಪ್ರಶ್ನೆ: ಐದನೇ ಕ್ಯಾಸೆಟ್ಟಿನ ಎರಡನೇ ಬದಿ ಮತ್ತೆ ಮಂಕಾಗಿದೆ. ಬದಿ ತಿರುಗಿಸಿದಾಗಲೂ ಹೆಡ್ ಮತ್ತೆ ಅಡ್ಜಸ್ಟ್ ಮಾಡಬೇಕಾ?

ಹೊಳಲ್ಕೆರೆ ರಸ್ತೆ, ಚಿತ್ರದುರ್ಗದಿಂದ

ಮಾಡಬೇಕು ಮೇಷ್ಟ್ರೇ. ಕ್ಯಾಸೆಟ್ಟಿನ ಚಿಪ್ಪಿನೊಳಗೆ ಟೇಪು ಆ ಕಡೆ ಓಡುವಾಗ ಒಂಚೂರು ಬೇರೆ ಥರ ಕೂರುತ್ತೆ. ಮೊದಲು ಕೊನೇವರೆಗೂ ಒಂದು ಸಲ ಓಡಿಸಿ, ವಾಪಸ್ ಸುತ್ತಿ, ಆಮೇಲೆ ಸ್ಕ್ರೂ ಮುಟ್ರಿ.