ಮಕ್ಕಳಿಗೂ 'ಬಂಧನ' ಅನ್ನಬೇಕಾ? ಬೇರೆ ಪದ ಇದೆಯಾ?

ಗೆಳೆಯರೇ, ಒಂದು ಪದ ಬೇಕಾಗಿದೆ.

ರಾಯಚೂರಿನ ನಮ್ಮ ಹೈಸ್ಕೂಲು ಮಕ್ಕಳಿಗಾಗಿ ರಾಜ್ಯದ ಅಪರಾಧ ಅಂಕಿಅಂಶಗಳ ಬಗ್ಗೆ ಸಣ್ಣ ಟಿಪ್ಪಣಿ ಬರೆಯುತ್ತಿದ್ದೇನೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರದಿಯಲ್ಲಿ ದೊಡ್ಡವರಿಗೆ 'ಅರೆಸ್ಟ್' ಅಂತಿದೆ, 18 ತುಂಬದವರಿಗೆ 'ಅಪ್ರಿಹೆಂಡ್' ಅಂತಿದೆ. ಕೋಷ್ಟಕಗಳೂ ಬೇರೆ ಬೇರೆ. ಕನ್ನಡಕ್ಕೆ ಬರುವಾಗ ಎರಡೂ 'ಬಂಧನ' ಆಗಿಬಿಡುತ್ತೆ, ಪೇಪರಿನಲ್ಲೂ 'ಬಾಲಾಪರಾಧಿಗಳ ಬಂಧನ' ಅಂತಲೇ ಬರುತ್ತೆ.

ಇದು ಸುಮ್ನೆ ಪದದ ಜಗಳ ಅಲ್ಲ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಮಗುವನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಜೈಲಿಗೂ ಕಳಿಸುವಂತಿಲ್ಲ, ದಾರಿಯ ಸಮಯ ಬಿಟ್ಟು 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿ ಮುಂದೆ ಹಾಜರುಪಡಿಸಬೇಕು. ಮಗುವಿನ ವಿಷಯದಲ್ಲಿ ಆರೋಪ ಹೊರಿಸುವಂಥ ಪದ ಬಳಸಬಾರದು ಅಂತ 3ನೇ ಸೆಕ್ಷನ್ನೇ ಹೇಳುತ್ತೆ. 'ಬಾಲಾಪರಾಧಿ' ಅಂದರೆ ವಿಚಾರಣೆಗೆ ಮೊದಲೇ ಅಪರಾಧಿ ಅಂದಹಾಗೆ, ಅಲ್ವಾ? 'ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು' ಅನ್ನೋದು ಸರಿಯಾದ ಪದವೇ, ಆದರೆ ಎಂಟನೇ ಕ್ಲಾಸಿನ ಹುಡುಗಿ ಅದನ್ನು ಓದುವಾಗ ಎರಡು ಕಡೆ ತಡವರಿಸಿದಳು.

ಎರಡು ವರ್ಷದ ಹಿಂದೆ ನಮ್ಮ ಓಣಿಯಲ್ಲಿ ಸೈಕಲ್ ಕಳುವಿನ ವಿಷಯಕ್ಕೆ ಒಬ್ಬ ಹುಡುಗನನ್ನು ಪೊಲೀಸರು ಕರೆದುಕೊಂಡು ಹೋದರು. ಅವನ ಅಜ್ಜಿ ಕಟ್ಟೆ ಮೇಲೆ ಕೂತು, ಅವನ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ, "ಹುಡುಗನ್ನ ಹಿಡ್ಕೊಂಡ್ ಹೋಗ್ಯಾರವ್ವಾ" ಅಂದಳು. ಆ 'ಹಿಡಿ' ನನ್ನ ತಲೆಯಲ್ಲಿ ಉಳಿದಿದೆ.

ಯಾಕಂದರೆ 'ದಸ್ತಗಿರಿ'ಯಲ್ಲೂ ಇರೋದು ಅದೇ. ಪಾರ್ಸಿಯಲ್ಲಿ 'ದಸ್ತ್' ಅಂದರೆ ಕೈ, 'ಗೀರ್' ಅಂದರೆ ಹಿಡಿಯುವ. ನಮ್ಮ ಕಡೆ ದಸ್ತಗೀರ್ ಅನ್ನೋದು ಗಂಡಸರ ಹೆಸರೂ ಹೌದು, ಅಲ್ಲಿ ಅರ್ಥ ಕೈ ಹಿಡಿದು ಕಾಪಾಡುವವನು. ಎಷ್ಟು ಚೆಂದದ ಪದ! ಆದರೆ ಪೊಲೀಸ್ ಕಾಗದದಲ್ಲಿ 'ಆರೋಪಿಯನ್ನು ದಸ್ತಗಿರಿ ಮಾಡಿ' ಅಂತ ಬರೆದೂ ಬರೆದೂ ಕಾಪಾಡುವ ಅರ್ಥ ಕನ್ನಡದಲ್ಲಿ ಉಳಿದೇ ಇಲ್ಲ. ಮಕ್ಕಳಿಗೆ ಅದನ್ನು ಹಚ್ಚೋಕೆ ನನಗೆ ಮನಸ್ಸಿಲ್ಲ.

'ವಶಕ್ಕೆ ಪಡೆದ' ಅನ್ನೋಣ ಅಂದರೆ ಮರಳು ಲಾರಿಗೂ ಗಾಂಜಾಕ್ಕೂ ಅದೇ ಮಾತು. 'ಕರೆದೊಯ್ದ' ಅಂದರೆ ಮೆತ್ತಗಿದೆ, ಆದರೆ ಹುಡುಗ ತಾನಾಗಿ ಹೋದ ಅನ್ನೋ ಹಾಗೆ ಕೇಳಿಸುತ್ತೆ, ಅದು ಸುಳ್ಳು. ಸದ್ಯಕ್ಕೆ ಕೋಷ್ಟಕದ ಮೇಲೆ 'ಪೊಲೀಸರು ಹಿಡಿದ ಮಕ್ಕಳು' ಅಂತ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದೇನೆ.

ಬಳ್ಳಾರಿ, ಕೊಪ್ಪಳದ ಕಡೆ ಮನೆಗಳಲ್ಲಿ ಇದಕ್ಕೆ ಏನಂತಾರೆ? ಬಾಲನ್ಯಾಯ ಮಂಡಳಿಯಲ್ಲಿ ಕೆಲಸ ಮಾಡುವವರು ಯಾರಾದರೂ ಇದ್ದರೆ, ಮಗುವಿನ ಎದುರಿಗೆ ನೀವು ಯಾವ ಪದ ಬಳಸುತ್ತೀರಿ ಅಂತ ದಯವಿಟ್ಟು ತಿಳಿಸಿ.