ಕಾರಣ ಗೊತ್ತಿದ್ರೂ ಭಯ ಯಾಕೆ ಹೋಗಲ್ಲ? ಭಾನುವಾರದ ಪ್ರಶ್ನೋತ್ತರ

ಸುಮಾ: ನಮಸ್ತೆ ಮೇಡಂ. ಅಕ್ಕನಿಗೆ ಲಿಫ್ಟ್ ಅಂದ್ರೆ ಭಯ. ಚಿಕ್ಕವಳಿದ್ದಾಗ ಕರೆಂಟ್ ಹೋಗಿ ಒಳಗೆ ಸಿಕ್ಕಿಕೊಂಡಿದ್ದೇ ಕಾರಣ ಅಂತ ಕೌನ್ಸೆಲಿಂಗಲ್ಲಿ ಗೊತ್ತಾಯ್ತು. ಏನೂ ಆಗಲ್ಲ ಅಂತ ಅವಳೇ ಹೇಳ್ತಾಳೆ. ತಿಂಗಳಿಂದ ಭಾವನ ಜೊತೆ ಹತ್ತಿ ಇಳಿದು ಅಭ್ಯಾಸ ಮಾಡ್ತಿದ್ದಾಳೆ. ಒಬ್ಬಳೇ ಹೋಗು ಅಂದ್ರೆ ಮತ್ತೆ ಅದೇ ಕಥೆ. ಅಂತರ್ಮನಸ್ಸಲ್ಲಿ ಇನ್ನೇನಾದ್ರೂ ಉಳಿದಿದೆಯಾ?

ವಾಣಿ (ಕ್ಲಿನಿಕಲ್ ಸೈಕಾಲಜಿಸ್ಟ್): ಲಿಫ್ಟ್ ಒಳಗೆ ಏನು ಮಾಡ್ತಾರೆ? ಪರ್ಸಲ್ಲಿ ಮಾತ್ರೆ ಇರುತ್ತಾ?

ಸುಮಾ: ಭಾವನ ಕೈ ಹಿಡ್ಕೊಂಡಿರ್ತಾಳೆ. ಮಾತ್ರೆ ಇರುತ್ತೆ, ನುಂಗಲ್ಲ.

ವಾಣಿ: ಹಾಗಾದ್ರೆ ಗಂಟು ಅಲ್ಲೇ ಇದೆ. ಮಿದುಳಲ್ಲಿ ಭಯ ಕಲಿತ ಭಾಗಕ್ಕೆ ಮಾತು ಹತ್ತಲ್ಲ. ಸ್ವಿಸ್ ಮನಶ್ಶಾಸ್ತ್ರಜ್ಞ ಕ್ಲಾಪರೇಡ್ 1911ರಲ್ಲಿ ಬರೆದದ್ದು: ಹೊಸ ನೆನಪು ನಿಲ್ಲದ ರೋಗಿಯ ಕೈ ಕುಲುಕುವಾಗ ಬಚ್ಚಿಟ್ಟ ಸೂಜಿಯಿಂದ ಚುಚ್ಚಿದ. ಆಮೇಲೆ ಚುಚ್ಚಿದ್ದು ಆಕೆಗೆ ನೆನಪೇ ಇಲ್ಲ, ಆದ್ರೂ ಅವನು ಕೈ ಚಾಚಿದಾಗ ತನ್ನ ಕೈ ಹಿಂದಕ್ಕೆಳೆದುಕೊಂಡಳು. ನಿಮ್ಮಕ್ಕನದು ಉಲ್ಟಾ. ನೆನಪಿದೆ, ಅರ್ಥವೂ ಆಗಿದೆ, ಮೈ ಕೇಳ್ತಿಲ್ಲ. ಈ ತಿಂಗಳಲ್ಲಿ ಮೈ ಕಲಿತದ್ದು "ಗಂಡ, ಮಾತ್ರೆ ಇದ್ರೆ ಬಚಾವು" ಅಂತ ಅಷ್ಟೇ.

ಹತ್ತುವ ಮೊದಲು ಒಂದು ಸಾಲು ಬರೆಯಲಿ: ಏನಾಗುತ್ತೆ, ಎಷ್ಟು ಖಾತ್ರಿ. "ಹೆದರಿಕೆ ಆಗುತ್ತೆ" ಅಂತ ಬರೆದ್ರೆ ಪ್ರಯೋಜನವಿಲ್ಲ, ಅದು ಆಗೇ ಆಗುತ್ತೆ. "2 ನಿಮಿಷದೊಳಗೆ ಉಸಿರುಕಟ್ಟಿ ಬಿದ್ದುಹೋಗ್ತೀನಿ, 80%" ಅನ್ನೋ ಥರ, ಸುಳ್ಳಾಗಬಲ್ಲ ಮಾತು ಬೇಕು. ಆಮೇಲೆ ಒಬ್ಬರೇ, ಮಾತ್ರೆ ಮನೇಲಿಟ್ಟು, ಆ 2 ನಿಮಿಷ ದಾಟೋವರೆಗೂ ಮೇಲೆ ಕೆಳಗೆ. ಭಾವ ಮೊದಮೊದಲು ಗ್ರೌಂಡ್ ಫ್ಲೋರಲ್ಲಿ ನಿಂತಿರಲಿ, ಆಮೇಲೆ ಅದೂ ಬೇಡ. ಎದೆಬಡಿತ ಇಳಿಯಲಿ ಅಂತ ಕಾಯಬೇಡಿ. ಅಂದುಕೊಂಡದ್ದು ಆಯ್ತಾ ಇಲ್ವಾ, ಹೊರಗೆ ಬಂದ ಕೂಡಲೇ ಬರೆಯಲಿ. ಲೆಕ್ಕ ತಪ್ಪಿದಷ್ಟೂ ಕಲಿಕೆ ಜಾಸ್ತಿ.

ಮನೆಯ ಲಿಫ್ಟ್ ಒಂದೇ ಸಾಲದು. ಆಸ್ಪತ್ರೆ, ಮಾಲ್, ತುಂಬಿದ್ದು, ಖಾಲಿ ಇದ್ದದ್ದು, ಎಲ್ಲ ಬೇಕು. ಹಳೇ ಕಲಿಕೆ ಅಳಿಯಲ್ಲ, ಹೊಸದು ಅದನ್ನ ಅದುಮಿಡುತ್ತೆ. ಜಾಗ ಬದಲಾದ್ರೆ, ಅಭ್ಯಾಸ ತಿಂಗಳುಗಟ್ಟಲೆ ಬಿಟ್ರೆ ಹಳೇದು ಮತ್ತೆ ತಲೆ ಎತ್ತುತ್ತೆ.

ಮಾತ್ರೆ ಮನೇಲಿಡಿ ಅಂದದ್ದು ಬೇಕಾದಾಗ ಮಾತ್ರ ತಗೊಳ್ಳೋ ಮಾತ್ರೆಗೆ. ದಿನಾ ಕ್ಲೋನಾಜೆಪಾಮ್ (ಆತಂಕಕ್ಕೆ ಕೊಡೋ ಮಾತ್ರೆ) ತಗೊಳ್ತಿದ್ರೆ ಡಾಕ್ಟರನ್ನ ಕೇಳದೆ ನಿಲ್ಲಿಸಲೇಬಾರದು, ಫಿಟ್ಸ್ ಬರಬಹುದು. ಹೃದಯದ ತೊಂದರೆ, ಆಸ್ತಮಾ ಇದ್ರೂ ಮೊದಲು ಡಾಕ್ಟರ್.

ಮಂಜುನಾಥ್: ಎಷ್ಟು ಸಿಟ್ಟಿಂಗ್ ಬೇಕು ಮೇಡಂ?

ವಾಣಿ: ಯಾವ ತೊಂದರೆಗೆ?

ಮಂಜುನಾಥ್: ಜನರಲ್ಲಾಗಿ.

ಲತಾ: ಥೆರಪಿಸ್ಟ್ ಮೇಲೆ ಕಾರಣವಿಲ್ಲದೆ ಸಿಟ್ಟು ಬರ್ತಿದ್ರೆ ಅವರಿಗೇ ಹೇಳಬೇಕಾ, ಬೇರೆಯವರ ಹತ್ರ ಹೋಗಬೇಕಾ?

ರವಿಕಿರಣ್: (ಫಾರ್ವರ್ಡ್) 🙏 ಮಲಗುವಾಗ ಈ ಆಡಿಯೋ 21 ದಿನ ಕೇಳಿ, ಸುಪ್ತ ಮನಸ್ಸು ರೀಪ್ರೋಗ್ರಾಂ ಆಗುತ್ತೆ. ಯಾವ ಥೆರಪಿಯೂ ಬೇಡ!!

ವಾಣಿ: ಇವತ್ತೇ ಎರಡನೇ ಸಲ ಬಂತು ಇದು. ಮನಶ್ಶಾಸ್ತ್ರಜ್ಞ ಗ್ರೀನ್‌ವಾಲ್ಡ್ ಮತ್ತು ಸಂಗಡಿಗರು 1991ರಲ್ಲಿ ಇಂಥ ಕ್ಯಾಸೆಟ್‌ಗಳ ಲೇಬಲ್ ಅದಲುಬದಲು ಮಾಡಿ ಕೊಟ್ಟರು. ನೆನಪಿನ ಶಕ್ತಿ ಅಂತ ಲೇಬಲ್ ಕಂಡವರಲ್ಲಿ ಬಹಳ ಜನರಿಗೆ ನೆನಪು ಸುಧಾರಿಸಿದ ಹಾಗೆ ಅನಿಸಿತು. ಪರೀಕ್ಷೆಯಲ್ಲಿ ಕ್ಯಾಸೆಟ್ಟಿನ ಒಳಗಿದ್ದ ಸಂದೇಶದಿಂದ ಯಾವ ಲಾಭವೂ ಕಾಣಲಿಲ್ಲ. ಕೇಳೋದಾದ್ರೆ ಕೇಳಿ, "ಥೆರಪಿ ಬೇಡ" ಅಂತ ಮಾತ್ರ ಹಂಚಬೇಡಿ.

ಶ್ರೀಧರ್: ಬೇರು ಕೀಳದೆ ಲಿಫ್ಟ್ ಹತ್ತಿಸೋದು ಸರ್ಕಸ್. ಹಾಗಾದ್ರೆ ಮನಸ್ಸಿನ ಆಳದ ಕಾರಣ ಹೊರಗೆ ತರಬೇಕು ಅಂತ ಫ್ರಾಯ್ಡ್ ಹೇಳಿದ್ದೆಲ್ಲ ಸುಳ್ಳಾ?

ಅನಿತಾ: ಪ್ರತಿರೋಧಕ್ಕೆ, ಅಂದ್ರೆ ಚಿಕಿತ್ಸೆಗೆ ರೋಗಿಯ ಮನಸ್ಸೇ ಒಡ್ಡೋ ತಡೆಗೆ, ಹೆಸರು ಕೊಟ್ಟ ಮಾತ್ರಕ್ಕೆ ಅದು ನಿಲ್ಲಲ್ಲ, ರೋಗಿ ಅದರ ಜೊತೆ ಏಗೋಕೆ ಸಮಯ ಕೊಡಬೇಕು ಅಂತ 1914ರಲ್ಲಿ ಫ್ರಾಯ್ಡೇ ಬರೆದಿದ್ದಾರೆ. ಓದಿ ಮಾತಾಡಿ ಸರ್.

ಶ್ರೀಧರ್: ಓದಿದ್ದೀನಮ್ಮಾ. ಬೇರು ಉಳಿದ್ರೆ ಇನ್ನೊಂದು ಭಯ ಹುಟ್ಟುತ್ತೆ.

ಅನಿತಾ: ಲಕ್ಷಣ ಹೋದ್ರೆ ಬೇರೆ ಲಕ್ಷಣ ಬರುತ್ತೆ ಅನ್ನೋದು ಹಳೇ ವಾದ, ಅದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. "ಅಮ್ಮಾ" ಬೇಡ.

ಮಂಜುನಾಥ್: ಹಿಪ್ನಾಟಿಸಂ ಮಾಡಿಸಿ ಬಾಲ್ಯದ ನೆನಪು ಹೊರಗೆ ತೆಗೆಸಬಹುದಾ?

ವಾಣಿ: ಬೇಡ. ಹಾಗೆ ಬಂದ ನೆನಪಲ್ಲಿ ನಿಜ ಹೆಚ್ಚಾಗಲ್ಲ, ನಿಜ ಅನ್ನೋ ಖಾತ್ರಿ ಹೆಚ್ಚಾಗುತ್ತೆ. ನಡೆಯದ ಘಟನೆಯೂ "ನೆನಪಾಗಬಹುದು".

ಸುಮಾ: ಒಳಗಿದ್ದಾಗ ಉಸಿರು ಎಣಿಸಲಾ ಅಂತ ಕೇಳ್ತಿದ್ದಾಳೆ ಮೇಡಂ.

ವಾಣಿ: ಬೇಡ. "ಎಣಿಸಿದ್ದಕ್ಕೆ ಬದುಕಿದೆ" ಅಂತ ಮೈ ಕಲಿಯುತ್ತೆ. ಭಾವನ ಕೈ ಬಿಟ್ಟು ಇನ್ನೊಂದು ತಾಯತ ಕಟ್ಟಿಕೊಂಡ ಹಾಗಾಯ್ತು.

ರವಿಕಿರಣ್: ತಾಯತದ ಸುದ್ದಿ ಯಾಕೆ ಮೇಡಂ? ಅದು ನಂಬಿಕೆ ವಿಷಯ.

ಅನಿತಾ: ಶುರುವಾಯ್ತು.